ರಬ್ಬರಿನ ಆಕ್ಟೋಪಸ್ ಅಲ್ಲ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ನಿಮ್ಮ ಸಿನಿಮಾ ಪುಟದಲ್ಲಿ, 1954ರ ‘ಟ್ವೆಂಟಿ ಥೌಸಂಡ್ ಲೀಗ್ಸ್ ಅಂಡರ್ ದ ಸೀ’ ಚಿತ್ರದ ಕಡಲಪ್ರಾಣಿಯನ್ನು ‘ರಬ್ಬರಿನ ಆಕ್ಟೋಪಸ್’ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕಿದ್ದನ್ನು ಓದಿ ಬೇಸರವಾಯಿತು. ಅದು ಆಕ್ಟೋಪಸ್ ಅಲ್ಲ. ಎಂಟು ತೋಳುಗಳ ಜೊತೆಗೆ ಎರಡು ನೀಳ ಬಾಹುಗಳಿರುವ ಸ್ಕ್ವಿಡ್, ನಮ್ಮ ಕರಾವಳಿಯವರ ಬೊಂಡಾಸ್.

ಜಲಾಂತರ್ಗಾಮಿಯವರು ಈ ಸ್ಕ್ವಿಡ್ ಜೊತೆ ಹೊಡೆದಾಡುವ ಕಾಳಗವನ್ನು ನಿರ್ದೇಶಕ ರಿಚರ್ಡ್ ಫ್ಲೈಶರ್ ಮೊದಲು ಚಿತ್ರೀಕರಿಸಿದ್ದು ಸಂಜೆಗೆಂಪಿನ ಶಾಂತ ಸಮುದ್ರದ ಹಿನ್ನೆಲೆಯಲ್ಲಿ. ತೋಳುಗಳನ್ನು ಎತ್ತಿಳಿಸುವ ತಂತಿಗಳು ಆ ಬೆಳಕಿನಲ್ಲಿ ಎದ್ದು ಕಂಡವು. ಖರ್ಚು ಏರುತ್ತಿದ್ದರೂ ನಿರ್ಮಾಪಕ ವಾಲ್ಟ್ ಡಿಸ್ನಿ ಅದಷ್ಟನ್ನೂ ಕೈಬಿಟ್ಟು, ರಾತ್ರಿಯ ಬಿರುಗಾಳಿಯಲ್ಲಿ ಅದೇ ಕಾಳಗವನ್ನು ಮತ್ತೆ ತೆಗೆಯಲು ಒಪ್ಪಿದರು. ಕತ್ತಲೆ ತಂತಿಯನ್ನು ಮರೆಮಾಡಿತು, ಅಪ್ಪಳಿಸುವ ಅಲೆ ಪ್ರಾಣಿಯ ಮೈಗೆ ಜೀವ ತುಂಬಿತು. ಹಡಗಿನ ಮಾದರಿಯನ್ನು ಎಷ್ಟು ಬೇಕಾದರೂ ಕಿರಿದಾಗಿಸಬಹುದು, ಆದರೆ ನೀರಿನ ಹನಿಯನ್ನು ಕಿರಿದಾಗಿಸಲಾಗದು. ಪುಟ್ಟ ಬೊಂಬೆಯ ಮೇಲೆ ಬಿದ್ದ ಹನಿಯೇ ಗುಟ್ಟು ಬಿಟ್ಟುಕೊಡುತ್ತದೆ. ಆದ್ದರಿಂದಲೇ, ನಟರು ನಿಜವಾಗಿಯೂ ತಬ್ಬಿ ಹೊಡೆದಾಡಬಲ್ಲಷ್ಟು ದೊಡ್ಡ, ಸುಮಾರು ಎರಡು ಟನ್ ತೂಕದ ಸ್ಕ್ವಿಡ್ ಅನ್ನು ಸ್ಟುಡಿಯೊದ ನೀರಿನ ತೊಟ್ಟಿಯಲ್ಲಿ ಇಳಿಸಿ ಆಡಿಸಿದರು. ಚಿತ್ರಕ್ಕೆ ವಿಶೇಷ ಪರಿಣಾಮಕ್ಕಾಗಿಯೂ ಕಲಾ ನಿರ್ದೇಶನಕ್ಕಾಗಿಯೂ ಆಸ್ಕರ್ ಬಂತು. ಆ ಸ್ಕ್ವಿಡ್ ಅನ್ನು ರೂಪಿಸಿದ ಬಾಬ್ ಮ್ಯಾಟಿಯವರೇ ಮುಂದೆ 1975ರ ‘ಜಾಸ್’ ಚಿತ್ರಕ್ಕೆ ಯಾಂತ್ರಿಕ ಶಾರ್ಕ್ ಮಾಡಿಕೊಟ್ಟರು.

ಹೋದ ಬೇಸಿಗೆ ರಜೆಯಲ್ಲಿ ನಮ್ಮ ಬಡಾವಣೆಯ ಮಕ್ಕಳನ್ನು ಮಾಳಿಗೆಯ ಮೇಲೆ ಕೂರಿಸಿ, ಬಿಳಿ ಚಾದರ ಕಟ್ಟಿ, ಈ ಚಿತ್ರ ತೋರಿಸಿದ್ದೆ. ನಮ್ಮ ಕಲಬುರಗಿಯ ‘ಅಪ್ಪನ ಕೆರೆ’ಗಿಂತ ದೊಡ್ಡ ನೀರನ್ನು ಕಾಣದ ಮಕ್ಕಳೇ ಅವರಲ್ಲಿ ಹೆಚ್ಚು. ತೋಳೊಂದು ಜಲಾಂತರ್ಗಾಮಿಯ ಬಾಗಿಲೊಳಗೆ ನುಗ್ಗಿದಾಗ ಎಲ್ಲರೂ ಹಿಂದೆ ಸರಿದರು; ಎಂಟನೆಯ ತರಗತಿಯ ಒಬ್ಬ ಹುಡುಗ ಮಾತ್ರ ಚಾದರದ ಹತ್ತಿರ ಹೋಗಿ ನಿಂತು, “ಸರ್, ಇದನ್ನ ಒಳಗಿಂದ ಯಾರ್ ಆಡಸ್ತಾರ್ರಿ?” ಎಂದು ಕೇಳಿದ. ಮರುದಿನ ಅವನು ಸೈಕಲ್ ಟ್ಯೂಬ್ ಕೊಯ್ದು, ಒಳಗೆ ದಾರ ಪೋಣಿಸಿ, ಎಳೆದರೆ ಮಡಚಿಕೊಳ್ಳುವ ತೋಳೊಂದನ್ನು ಮಾಡಿ ತಂದಿದ್ದ. ಮೂವತ್ತು ವರ್ಷ ವಿಜ್ಞಾನ ಕಲಿಸಿದ ನನಗೆ ಅದಕ್ಕಿಂತ ದೊಡ್ಡ ಸಂತೋಷ ಬೇರೆ ಇರಲಿಲ್ಲ.

ಕಂಪ್ಯೂಟರ್ ಚಿತ್ರಗಳನ್ನು ಹೊಗಳುವುದಕ್ಕೆ ನನ್ನ ತಕರಾರಿಲ್ಲ. ಆದರೆ ಹಳೆಯ ಚಿತ್ರಗಳ ಇಂಥ ದೃಶ್ಯಗಳನ್ನು ಹೇಗೆ ಮಾಡಿದರೆಂಬುದನ್ನು, ನಮ್ಮ ಮಕ್ಕಳಿಗೆ ತಿಳಿಯುವ ಕನ್ನಡದಲ್ಲಿ, ರೇಖಾಚಿತ್ರಗಳ ಸಹಿತ, ಅದೇ ಪುಟದಲ್ಲಿ ಬರೆಸಬೇಕೆಂದು ಕೋರುತ್ತೇನೆ.

— ನಿವೃತ್ತ ಪ್ರೌಢಶಾಲಾ ಶಿಕ್ಷಕ, ಕಲಬುರಗಿ