ಎಂಟು ದಿನ ಅಂದ್ರೆ ಏಳೇ ದಿನ

ಶಿರಸಿ, ಭಾನುವಾರ

ಕೂಸೇ,

ಮ್ಯಾನೇಜರಿಗೆ ಕಳಿಸೋ ಮುಂಚೆ ಒಂದ್ಸಲ ನೋಡಿ ಅಂತ ವಾಟ್ಸಾಪಲ್ಲಿ ಹಾಕಿದ ಮೇಲ್ ಓದ್ದೆ. ಇಂಗ್ಲಿಷ್ ಚೆನ್ನಾಗೇ ಇದೆ, ವಾರದ ಲೆಕ್ಕ ಮಾತ್ರ ನಮ್ಮನೆ ಜಗಲಿ ಮೇಲೆ ಕೂತು ಬರೆದ ಹಾಗಿದೆ. 'ಎರಡು ವಾರದಿಂದ' ಅನ್ನೋದನ್ನ ಹಾಗೇ ಎತ್ತಿ 'ಸಿನ್ಸ್ ಟೂ ವೀಕ್ಸ್' ಅಂತ ಇಟ್ಟಿದೀಯ. ಸಿನ್ಸ್ ಆದ್ಮೇಲೆ ಶುರುವಾದ ದಿನ ಬರಬೇಕು, ಸಿನ್ಸ್ ಮಂಡೇ ಅಂದ ಹಾಗೆ. ಎಷ್ಟು ಕಾಲ ಅಂತಾದ್ರೆ ಫಾರ್ ಟೂ ವೀಕ್ಸ್, ಆಗ 'ಆಮ್ ವರ್ಕಿಂಗ್' ಕೂಡ 'ಹ್ಯಾವ್ ಬೀನ್ ವರ್ಕಿಂಗ್' ಆಗ್ಬೇಕು.

ಇನ್ನು ಒಂದು ವಾರದಲ್ಲಿ ಅನ್ನೋದಕ್ಕೆ ಬರೆದ ಆ 'ಇನ್ ಎಯ್ಟ್ ಡೇಸ್'. ನಾವು ಈ ಭಾನುವಾರದಿಂದ ಮುಂದಿನ ಭಾನುವಾರಕ್ಕೆ ಎಂಟು ದಿನ ಅಂತೀವಿ, ಎರಡೂ ತುದಿಯ ಭಾನುವಾರ ಸೇರಿಸಿ ಎಣಿಸ್ತೀವಿ, ಹಾಗೇ ಎರಡು ವಾರಕ್ಕೆ ಹದಿನೈದು ದಿನ, ಫ್ರೆಂಚರೂ ಹೀಗೇ ಎಂಟು, ಹದಿನೈದು ಅಂತಾರೆ, ತಪ್ಪೇನಿಲ್ಲ. ಇಂಗ್ಲಿಷಿನವ್ರು ಶುರುವಿನ ದಿನ ಬಿಟ್ಟು ಎಣಿಸ್ತಾರೆ, ಅವ್ರಿಗೆ ಅದು ಏಳೇ ದಿನ. ಫೋರ್ಟ್‌ನೈಟ್ ಅಂದ್ರೆ ಹದಿನಾಲ್ಕು ರಾತ್ರಿ, ಹೆಸರಲ್ಲೇ ಲೆಕ್ಕ ಇದೆ ನೋಡು. ಆದ್ರೆ ಅಮೆರಿಕದವ್ರು ಆ ಶಬ್ದ ಬಳಸೋದು ಕಡಿಮೆ, ಅವ್ರಿಗೆ ಟೂ ವೀಕ್ಸ್ ಅಂತಲೇ ಬರಿ. ಬೈವೀಕ್ಲಿ ಅಂತ ಮಾತ್ರ ಬೇಡ ಮಾರಾಯ್ತಿ, ವಾರಕ್ಕೆರಡು ಸಲ, ಎರಡು ವಾರಕ್ಕೊಂದು ಸಲ ಎರಡೂ ಅರ್ಥ ಡಿಕ್ಷನರಿಯಲ್ಲೇ ಇದೆ. (ನಮ್ಮ ಮಾರಿಕಾಂಬೆ ಜಾತ್ರೆ ಬೈಎನಿಯಲ್, ಅಂದ್ರೆ ಎರಡು ವರ್ಷಕ್ಕೊಂದು ಸಲ. ಬೈಆನ್ಯುಅಲ್ ಅಂದ್ಯೋ, ವರ್ಷಕ್ಕೆರಡು ಜಾತ್ರೆ ಆಗಿಬಿಡ್ತದೆ!)

ಟೂ-ವೀಕ್ ಟ್ರೇನಿಂಗ್ ಅನ್ನೋವಾಗ ವೀಕ್‌ಗೆ ಎಸ್ ಇಲ್ಲ. ಟೂ ವೀಕ್ಸ್ ಲೀವ್ ಅನ್ನೋವಾಗ ಎಸ್ ಇದೆ, ಅಪಾಸ್ಟ್ರಫಿ ಆ ಎಸ್ ಆದ್ಮೇಲೆ.

ನಾನೇನು ಹುಟ್ಟಾ ಪಂಡಿತ ಅಲ್ಲ. ಕಾರವಾರದಲ್ಲಿ ಕ್ಲಾರ್ಕ್ ಆಗಿದ್ದಾಗ ಲಂಡನ್ನಿಂದ ಬರೋ ಇಂಜಿನಿಯರು ಫೋನಲ್ಲಿ 'ಟ್ಯೂಸ್ಡೇ ವೀಕ್' ಅಂದ್ರು, ನಂಗೆ ಕೇಳಿಸಿದ್ದು ಟ್ಯೂಸ್ಡೇ ಮಾತ್ರ, ಮಂಗಳವಾರ ಬೆಳಗಾಗೋದ್ರೊಳಗೆ ಗೋವಾದ ದಾಬೋಳಿ ವಿಮಾನ ನಿಲ್ದಾಣಕ್ಕೆ ಜೀಪು ಕಳ್ಸಿಬಿಟ್ಟೆ. ಡ್ರೈವರು ಪಾಪ ಜೋರು ಮಳೇಲಿ ಹೆಸರು ಬರೆದ ರಟ್ಟು ಹಿಡ್ಕೊಂಡು ಸಂಜೆವರೆಗೆ ನಿಂತಿದ್ದ, ವಾಪಸ್ ಬಂದಾಗ ಶಾಯಿ ಎಲ್ಲ ಇಳಿದು ರಟ್ಟಲ್ಲಿ ಬರೀ ಮಿಸ್ಟರ್ ಉಳಿದಿತ್ತು. ಟ್ಯೂಸ್ಡೇ ವೀಕ್ ಅಂದ್ರೆ ಬರೋ ಮಂಗಳವಾರ ಅಲ್ಲ, ಅದರಾಚೆ ಮಂಗಳವಾರ ಅಂತ ಆಮೇಲೆ ಸಾಹೇಬ್ರು ಎಲ್ಲರೆದುರು ಬೈದು ತಿಳಿಸಿಕೊಟ್ರು. ಜೀಪಿನ ಬಾಡಿಗೆ ನನ್ನ ಪಗಾರದಲ್ಲೇ ಕಟ್ ಆಯ್ತು.

'ನೆಕ್ಸ್ಟ್ ಫ್ರೈಡೇ' ಇನ್ನೂ ಕಷ್ಟ, ಇಂಗ್ಲಿಷ್ ಮನೆಮಾತಿನವ್ರೇ ಕೆಲವರು ಬರೋ ಶುಕ್ರವಾರ ಅಂತಾರೆ, ಕೆಲವರು ಅದರ ಮುಂದಿನದು ಅಂತಾರೆ. ಪಕ್ಕದಲ್ಲೇ ತಾರೀಖು ಹಾಕಿಬಿಡು.

ನಿನ್ನ ಜರ್ಮನಿ ಟೀಮಿನವ್ರು 'ವೀಕ್ 1' ಅಂತ ಬರೀತಾರೆ ಅಂದ್ಯಲ್ಲ, ಅವ್ರ ವಾರ ಸೋಮವಾರಕ್ಕೆ ಶುರು, ವರ್ಷದ ಮೊದಲ ಗುರುವಾರ ಯಾವ ವಾರದಲ್ಲಿದ್ಯೋ ಅದೇ ನಂಬರ್ 1. ಹಾಗಾಗಿ 2025ರ ಡಿಸೆಂಬರ್ 29ನೇ ತಾರೀಖು 2026ರ ಮೊದಲ ವಾರಕ್ಕೆ ಸೇರ್ತದೆ, 2026ಕ್ಕೆ 53 ವಾರ. ಅಮೆರಿಕದ ಕ್ಯಾಲೆಂಡರಲ್ಲಿ ವಾರ ಭಾನುವಾರದಿಂದಲೇ ಶುರು.

ಅಂದಹಾಗೆ 'ನೆಕ್ಸ್ಟ್ ಸ್ಯಾಟರ್ಡೇ ಬರ್ತೆ' ಅಂತ ದೊಡ್ಡಮ್ಮಂಗೆ ಮೆಸೇಜ್ ಹಾಕಿದೀಯಲ್ಲ, ಯಾವ ಶನಿವಾರ? ಪತ್ರೊಡೆಗೆ ಕೆಸುವಿನ ಸೊಪ್ಪು ಯಾವತ್ತು ಕೊಯ್ಯೋದು ಅಂತ ನಿನ್ನೆಯಿಂದ ನನ್ನ ತಲೆ ತಿಂತಿದಾಳೆ.

ನಿನ್ನ ದೊಡ್ಡಪ್ಪ