ಪಿಸ್ಟನ್ ಬದಲಿಸುವ ಮುಂಚೆ ಗಾಳಿ ಎಲ್ಲಿಂದ ನುಗ್ಗುತ್ತಿದೆ ನೋಡು

ದೋಸ್ತ,

ಡಿಸೆಂಬರ್‌ನಲ್ಲಿ ಮೈಸೂರಿನಿಂದ ಗಂಗಾವತಿಗೆ ಗಾಡಿಯಲ್ಲೇ ಬರುತ್ತೇನೆ ಅಂತ ಬರೆದಿದ್ದೀಯಲ್ಲ, ಓದಿ ತುಂಬಾ ಖುಷಿಯಾಯಿತು. ನಿಮ್ಮ ಅಪ್ಪನ ಯೆಜ್ಡಿ ರೋಡ್‌ಕಿಂಗ್ ಬೈಕ್ ಮತ್ತೆ ದೂರದ ಹಾದಿ ಹಿಡಿಯುತ್ತದೆ ಅನ್ನೋದೇ ದೊಡ್ಡ ಸುದ್ದಿ. ಆದರೆ ಕೊನೆಯಲ್ಲಿ ಇನ್ನೊಂದು ಮಾತು ಬರೆದಿದ್ದೀಯ. ಎಕ್ಸಲೇಟರ್ ಬಿಟ್ಟರೂ ಇಂಜಿನ್ ರೈಸ್ (ತಿರುಗುವ ವೇಗ) ತಕ್ಷಣ ಇಳಿಯುವುದಿಲ್ಲ, ಸ್ವಲ್ಪ ಹೊತ್ತು ಹಾಗೇ ಕೂಗುತ್ತದೆ, ಕೇಬಲ್ ಬದಲಿಸಿದರೆ ಸರಿಹೋಗಬಹುದು ಅಂತ. ಅದು ಕೇಬಲ್ ಅಲ್ಲ ಅಂತ ನನಗೆ ಬಲವಾದ ಅನುಮಾನ. ಅದಕ್ಕೇ ಫೋನ್ ಮಾಡದೆ ಉದ್ದಕ್ಕೆ ಬರೆಯುತ್ತಿದ್ದೇನೆ. ಪೂರ್ತಿ ಓದು. ಅಲ್ಲಿಯವರೆಗೆ ಗಾಡಿಯನ್ನು ರಿಂಗ್ ರೋಡಿಗೂ ಒಯ್ಯಬೇಡ.

ನನ್ನ ರೋಡ್‌ಕಿಂಗ್ ಸೀಜ್ ಆಗಿದ್ದು, ಅಂದರೆ ಪಿಸ್ಟನ್ ಬಿಸಿಯಾಗಿ ಒಳಗೇ ಹಿಡಿದುಕೊಂಡದ್ದು, ನಿನಗೆ ಗೊತ್ತು. ಏಪ್ರಿಲ್ ಮಧ್ಯಾಹ್ನ, ವಿಜಯಪುರದಿಂದ ವಾಪಸ್ ಬರುವಾಗ, ಹೆದ್ದಾರಿ 50ರಲ್ಲಿ ಕುಷ್ಟಗಿಯ ಹತ್ತಿರ. ನಮ್ಮ ಕಡೆ ಆ ಹೊತ್ತಿನಲ್ಲಿ 40 ಡಿಗ್ರಿ ಅಂದರೆ ಮಾಮೂಲಿ. ಚಹಾಕ್ಕೆ ನಿಲ್ಲಿಸಿದಾಗ ರೈಸ್ ಇಳಿಯಲು ತಡಮಾಡಿತು. ಅಲ್ಲಿಂದ ಹೊರಟ ಸ್ವಲ್ಪ ದೂರಕ್ಕೇ ಹೆಡ್ಡಿನಿಂದ ಟಿಣ್ ಟಿಣ್ ಸದ್ದು, ವೇಗ ತಾನಾಗಿಯೇ ಕಮ್ಮಿಯಾಯಿತು, ಹಿಂದಿನ ಚಕ್ರ ಲಾಕ್. ಟೂ ಸ್ಟ್ರೋಕ್ ಓಡಿಸುವಾಗ ಎರಡು ಬೆರಳು ಯಾವಾಗಲೂ ಕ್ಲಚ್ ಮೇಲೆ ಇರುವುದರಿಂದ ಬೀಳಲಿಲ್ಲ. ಟಾಟಾ ಏಸ್‌ನಲ್ಲಿ ಹಾಕಿಕೊಂಡು ಊರಿಗೆ ತಂದೆ.

ಮಾರನೇ ದಿನ ನೋಡಲು ಬಂದವರೆಲ್ಲ ಹೇಳಿದ್ದು ಒಂದೇ ಮಾತು: "ಬೋರ್ ಪಿಸ್ಟನ್ ಹಾಕ್ಸಿಬಿಡ್ರಿ, ಮುಗೀತು." ಅಂದರೆ ಪಿಸ್ಟನ್ ಓಡಾಡುವ ಬ್ಲಾಕಿನ ತೂತು (ಬೋರ್) ಕೊರೆಸಿ ಹೊಸ ಪಿಸ್ಟನ್ ಹಾಕಿಸು ಅಂತ. ಅಲ್ಲೇ ನನಗೆ ತಕರಾರು. ಪಿಸ್ಟನ್ ತಾನಾಗಿ ಸೀಜ್ ಆಗುವುದಿಲ್ಲ. ಏನೋ ಒಂದು ಅದನ್ನು ಸುಟ್ಟಿರುತ್ತದೆ. ಆ ಕಾರಣ ಒಳಗೇ ಉಳಿದರೆ ಹೊಸ ಪಿಸ್ಟನ್ನೂ ಅದೇ ರಸ್ತೆಯಲ್ಲಿ ಸುಡುತ್ತದೆ. ನಾನು ಮನೆಯಲ್ಲೇ ಇಂಜಿನ್ ಬಿಚ್ಚಲು ನಿರ್ಧಾರ ಮಾಡಿದ್ದು ದುಡ್ಡು ಉಳಿಸಲು ಅಲ್ಲ. ಆ ಕಾರಣವನ್ನು ಕಣ್ಣಾರೆ ನೋಡಬೇಕಿತ್ತು. ಅದಕ್ಕೆ ಬೇಕಾದಷ್ಟು ಸಮಯವನ್ನು ಗ್ಯಾರೇಜಿನಲ್ಲಿ ಯಾರೂ ಕೊಡಲು ಆಗುವುದಿಲ್ಲ.

ನಮ್ಮ ಗಾಡಿಯಲ್ಲಿ ಪೆಟ್ರೋಲು, ಆಯಿಲ್, ಗಾಳಿ ಬೆರೆತ ಮಿಶ್ರಣ ನೇರವಾಗಿ ಪಿಸ್ಟನ್ ಮೇಲಕ್ಕೆ ಹೋಗುವುದಿಲ್ಲ. ಮೊದಲು ಕೆಳಗೆ, ಕ್ರ್ಯಾಂಕ್ (ಪಿಸ್ಟನ್ ಏರಿಳಿದಾಗ ತಿರುಗುವ ದಂಡ) ಇರುವ ಕೋಣೆಗೆ ಬಂದು, ಅಲ್ಲಿಂದ ಮೇಲೆ ಹೋಗುತ್ತದೆ. ಹಾಗಾಗಿ ಆ ಕೋಣೆಗೆ ಎಲ್ಲೂ ತೂತು ಇರಬಾರದು. ಕ್ರ್ಯಾಂಕಿನ ಎರಡು ತುದಿ ಹೊರಗೆ ಬರುವ ಜಾಗದಲ್ಲಿ ರಬ್ಬರಿನ ಆಯಿಲ್ ಸೀಲು ಇವೆಯಲ್ಲ, ಎಲ್ಲ ಅವುಗಳ ಕೈಯಲ್ಲಿದೆ. ಎಡಗಡೆ, ಕ್ಲಚ್ ಇರುವ ಕಡೆ ಸೀಲು ಹೋದರೆ ಗೇರ್ ಆಯಿಲ್ ಒಳಗೆ ಎಳೆದುಕೊಂಡು ಬಿಳಿ ಹೊಗೆ ಉಗುಳುತ್ತದೆ, ಆಯಿಲ್ ಮಟ್ಟ ಇಳಿಯುತ್ತದೆ. ಕಣ್ಣಿಗೆ ಕಾಣುವ ರೋಗ. ಬಲಗಡೆ, ಮ್ಯಾಗ್ನೆಟ್ ಇರುವ ಕಡೆಯದು ಹೋದರೆ ಬರೀ ಗಾಳಿ ಒಳಗೆ ಬರುತ್ತದೆ. ಹೊಗೆ ಇಲ್ಲ, ಸೋರಿಕೆ ಇಲ್ಲ. ಗಾಳಿ ಜಾಸ್ತಿ, ಪೆಟ್ರೋಲು ಕಮ್ಮಿ, ಅದರ ಜೊತೆ ಆಯಿಲ್ಲೂ ಕಮ್ಮಿ. ಇಂಜಿನ್ ಬಿಸಿಯಾಗುತ್ತಾ ಹೋಗುತ್ತದೆ. ಹೊರಗೆ ಕಾಣುವ ಒಂದೇ ಗುರುತು, ರೈಸ್ ತಡವಾಗಿ ಇಳಿಯುವುದು. ನೀನು ಬರೆದದ್ದು ಅದನ್ನೇ ಅಲ್ವಾ?

ನಿಮ್ಮ ಮೈಸೂರಿನ ಯಾದವಗಿರಿಯಲ್ಲಿದ್ದ ಯೆಜ್ಡಿ ಕಾರ್ಖಾನೆ ಬಾಗಿಲು ಹಾಕಿದ್ದು 1996ರಲ್ಲಿ. ಯಾರೂ ಇಂಜಿನ್ ಬಿಚ್ಚಿರದಿದ್ದರೆ ನಿನ್ನ ಗಾಡಿಯ ಸೀಲಿಗೆ ಹತ್ತಿರ ಹತ್ತಿರ ಮೂವತ್ತು ವರ್ಷ, ಇಲ್ಲವೇ ಅದಕ್ಕಿಂತ ಜಾಸ್ತಿ. ಅಷ್ಟು ವಯಸ್ಸಿನ ರಬ್ಬರ್ ಕಲ್ಲಾಗಿರುತ್ತದೆ.

ಈಗ ಮುಖ್ಯವಾದ ವಿಷಯಕ್ಕೆ ಬರುತ್ತೇನೆ. ಇಂಜಿನ್ ಬಿಚ್ಚುವ ಮುಂಚೆಯೇ ಇದನ್ನು ಪರೀಕ್ಷೆ ಮಾಡಬಹುದು. ಬಿಚ್ಚಿದ ಮೇಲೆ ಸಾಕ್ಷಿ ಅಳಿಸಿಹೋಗುತ್ತದೆ. ಎರಡೂ ಸೈಲೆನ್ಸರ್ ಪೈಪ್ ಮತ್ತು ಕಾರ್ಬೊರೇಟರ್ ತೆಗೆ. ಕಾರ್ಬೊರೇಟರ್ ಕೂರುವ ಜಾಗಕ್ಕೆ ಲಾರಿ ಟ್ಯೂಬಿನ ತುಂಡು ಇಟ್ಟು, ಮೇಲೆ ತಗಡು ಹಾಕಿ ಬೋಲ್ಟ್ ಬಿಗಿ ಮಾಡು. ಬ್ಲಾಕಿನಲ್ಲಿ ಸೈಲೆನ್ಸರ್ ಪೈಪ್ ಕೂರುವ ಎರಡು ಬಾಯಿಗಳಲ್ಲಿ ಒಂದನ್ನೂ ಹಾಗೇ ಮುಚ್ಚು. ಇನ್ನೊಂದು ಬಾಯಿಗೆ ರಬ್ಬರ್ ಬುಚ್ಚು ಹಾಕಿ ಅದರೊಳಗಿಂದ ಸಣ್ಣ ಪೈಪ್ ಬಿಡು. ಪ್ಲಗ್ ಅದರ ಜಾಗದಲ್ಲೇ ಇರಲಿ. ಪಿಸ್ಟನ್ ಪೂರ್ತಿ ಕೆಳಗೆ ಇರಬೇಕು. ಆಗ ಮೇಲಿನ ಗಾಳಿ ಕೆಳಗಿನ ಕೋಣೆಗೂ ಹೋಗುತ್ತದೆ.

ಗಾಳಿ ತುಂಬಲು ನಾನು ಬಳಸಿದ್ದು ಮನೆಯಲ್ಲಿದ್ದ ಹಳೇ ಬಿಪಿ ನೋಡುವ ಯಂತ್ರ. ಕೈಯಲ್ಲಿ ಒತ್ತುವ ರಬ್ಬರ್ ಬಲ್ಬು, ಮುಳ್ಳಿನ ಮೀಟರು, ಎರಡೂ ಒಂದರಲ್ಲೇ ಇವೆ. ಅದರ ಕೊನೆಯ ಗುರುತು 300. ಅಂದರೆ ಟೈರ್ ಲೆಕ್ಕದಲ್ಲಿ ಆರು ಪಿಎಸ್‌ಐ ಹತ್ತಿರ. ಈ ಕೆಲಸಕ್ಕೆ ಬೇಕಾದದ್ದೂ ಅಷ್ಟೇ. ಅದಕ್ಕಿಂತ ಜಾಸ್ತಿ ಒತ್ತಿದರೆ ಚೆನ್ನಾಗಿರುವ ಸೀಲೂ ಹೊರಗೆ ಬರಬಹುದು. ಸರಿಯಾಗಿರುವ ಇಂಜಿನ್ನಿನಲ್ಲಿ ಮುಳ್ಳು ನಿಮಿಷಗಟ್ಟಲೆ ನಿಲ್ಲುತ್ತದೆ, ಇಳಿದರೂ ನಿಧಾನ. ನನ್ನದರಲ್ಲಿ ನೋಡ ನೋಡುತ್ತಲೇ ಸರ್ರನೆ ಇಳಿಯಿತು. ಸೋಪಿನ ನೊರೆಯನ್ನು ಎಲ್ಲ ಜಾಯಿಂಟಿಗೂ ಹಚ್ಚಿದೆ. ಹೆಡ್ಡಿನ ಹತ್ತಿರ ಇಲ್ಲ, ಬ್ಲಾಕಿನ ಕೆಳಗೆ ಇಲ್ಲ. ಬಲಗಡೆ ಕವರ್ ತೆಗೆದು ಮ್ಯಾಗ್ನೆಟ್ ಬಿಚ್ಚಿ ಹಚ್ಚಿದಾಗ ಸೀಲಿನ ಸುತ್ತ ಗುಳ್ಳೆ ಬುಳುಬುಳು ಅಂತ ಎದ್ದವು. ಅವತ್ತು ನನಗಾದ ಸಮಾಧಾನ ಹೇಳಲು ಆಗುವುದಿಲ್ಲ. ಕಾರಣ ಕಣ್ಣೆದುರಿಗೇ ಇತ್ತು.

ಆಮೇಲೆ ಬ್ಲಾಕ್ ಎತ್ತಿದಾಗ ಪಿಸ್ಟನ್ನೂ ಅದೇ ಕಥೆ ಹೇಳಿತು. ಇದನ್ನು ಓದಲು ಕಲಿತುಕೋ. ಗೀರು ಸೈಲೆನ್ಸರ್ ಕಡೆ ಜಾಸ್ತಿ ಇದ್ದರೆ ಶಾಖ ಮತ್ತು ಬಡ ಮಿಶ್ರಣ, ಅಂದರೆ ಗಾಳಿ ಜಾಸ್ತಿ, ಪೆಟ್ರೋಲು ಕಮ್ಮಿ. ಸುತ್ತ ನಾಲ್ಕು ಕಡೆ ಒಂದೇ ಸಮ ಇದ್ದರೆ ಬೋರ್ ಬಿಗಿಯಾಗಿದೆ, ಇಲ್ಲವೇ ತಣ್ಣಗಿರುವಾಗಲೇ ಜೋರಾಗಿ ಓಡಿಸಿದ್ದಾರೆ ಅಂತ. ಕಾರ್ಬೊರೇಟರ್ ಕಡೆ ಇದ್ದರೆ ಆಯಿಲ್ ಸಾಲಲಿಲ್ಲ. ನನ್ನದು ಸೈಲೆನ್ಸರ್ ಕಡೆ, ಪ್ಲಗ್ಗಿನ ತುದಿ ಸುಣ್ಣದ ಬಿಳಿ.

ಇಲ್ಲಿಗೆ ನಿಲ್ಲಿಸಿ ಸೀಲು, ಪಿಸ್ಟನ್ ಹಾಕಬಹುದಲ್ಲ ಅಂತ ನೀನು ಕೇಳುತ್ತೀಯ. ಬೇಡ. ಸೀಜ್ ಆದ ಪಿಸ್ಟನ್ನಿನಿಂದ ಉದುರಿದ ಅಲ್ಯೂಮಿನಿಯಂ ಚೂರು ಎಲ್ಲಿ ಹೋಗುತ್ತದೆ? ಕೆಳಗೆ. ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ರಾಡಿನ ಕೆಳತುದಿಯಲ್ಲಿರುವ ಬಿಗ್ ಎಂಡ್ ಬೇರಿಂಗಿನ ರೋಲರುಗಳ ನಡುವೆ. ಕನೆಕ್ಟಿಂಗ್ ರಾಡನ್ನು ಪಕ್ಕಕ್ಕೆ ಅಲ್ಲಾಡಿಸಿದರೆ ಸ್ವಲ್ಪ ಆಡಬೇಕು, ಅದು ಸರಿ. ಮೇಲೆ ಕೆಳಗೆ ಎಳೆದಾಗ ಒಂದು ಕೂದಲಿನಷ್ಟೂ ಆಡಬಾರದು. ನನ್ನದು ಟಕ್ ಅಂತು. ಹಾಗಾಗಿ ಕೇಸ್ (ಇಂಜಿನ್ನಿನ ಹೊರಕವಚ) ಎರಡು ಹೋಳು ಮಾಡಲೇಬೇಕಾಯಿತು. ನಮ್ಮ ಗಾಡಿಯಲ್ಲಿ ಗೇರ್‌ಬಾಕ್ಸೂ ಅದೇ ಕೇಸಿನಲ್ಲಿ ಇದೆ. ಗೇರು, ವಾಷರು, ಶಿಮ್ಮು ಬಿಚ್ಚಿದ ಕ್ರಮದಲ್ಲೇ ತಂತಿಗೆ ಪೋಣಿಸಿಟ್ಟೆ. ಪ್ರತಿ ಹಂತದಲ್ಲೂ ಫೋನಿನಲ್ಲಿ ಫೋಟೋ. ಇದಿಷ್ಟು ಮಾಡಿದರೆ ಜೋಡಿಸುವಾಗ ಯಾರನ್ನೂ ಕೇಳಬೇಕಾಗಿಲ್ಲ.

ಗಂಗಾವತಿಯಲ್ಲಿ ಈ ಕೆಲಸ ಮಾಡಲು ಒಂದು ವಿಶೇಷ ತೊಂದರೆ ಇದೆ. ರೈಸ್ ಮಿಲ್ಲಿನ ಬಾಯ್ಲರಿಗೆ ಭತ್ತದ ಹೊಟ್ಟು ಸುಡುತ್ತಾರೆ, ಆ ಬೂದಿ ಗಾಳಿಯಲ್ಲಿ ಬಂದು ಮಾಳಿಗೆ, ಬಟ್ಟೆ, ಎಲ್ಲದರ ಮೇಲೂ ಬೀಳುತ್ತದೆ. ಹೊಟ್ಟಿನ ಬೂದಿ ಬಹುಪಾಲು ಸಿಲಿಕಾ, ಅಂದರೆ ಮರಳಿನ ಜಾತಿ. ಬೇರಿಂಗಿಗೆ ಅದಕ್ಕಿಂತ ಕೆಟ್ಟದ್ದು ಇಲ್ಲ. ಅದಕ್ಕೇ ಹಿತ್ತಲಿನಲ್ಲಿ ಬರೀ ತೊಳೆಯುವ ಕೆಲಸ, ಜೋಡಿಸುವುದೆಲ್ಲ ಒಳಕೋಣೆಯಲ್ಲಿ, ಕಿಟಕಿ ಮುಚ್ಚಿ, ನೆಲ ಒದ್ದೆ ಬಟ್ಟೆಯಲ್ಲಿ ಒರೆಸಿ. ಸೆಕೆಯಲ್ಲಿ ಫ್ಯಾನ್ ಕೂಡ ಹಾಕಲಿಲ್ಲ. ಬಿಟ್ಟು ಎದ್ದಾಗಲೆಲ್ಲ ಕ್ರ್ಯಾಂಕಿನ ಮೇಲೆ ಒಗೆದ ಪಂಚೆ.

ಅದೇ ಮಿಲ್ಲುಗಳಿಂದ ಉಪಕಾರವೂ ಇದೆ. ಮಿಲ್ಲಿನ ಶಾಫ್ಟು, ಪುಲ್ಲಿ ಮಾಡುವ ಒಳ್ಳೊಳ್ಳೆ ಲೇತ್ ಕೆಲಸಗಾರರು ಈ ಊರಲ್ಲಿದ್ದಾರೆ. ನಾನು ಹೋದದ್ದು ವಯಸ್ಸಾದ ಒಬ್ಬ ಚಾಚಾ ಹತ್ತಿರ. ಬ್ಲಾಕ್ ಕೈಗೆ ಕೊಟ್ಟು ಸೈಜ್ ಹೇಳಿದೆ. ಅವರು ತಲೆ ಅಲ್ಲಾಡಿಸಿದರು. "ಸೈಜ್ ನನಗ್ಯಾಕ್ರಿ? ಪಿಸ್ಟನ್ ತಂದ್ಕೊಡ್ರಿ ಮೊದಲ. ಅದನ್ನ ಅಳದ ಮ್ಯಾಲೆ ಬೋರ್ ಹೊಡಿತೀನಿ." ಎಷ್ಟು ಸರಿಯಾದ ಮಾತು! ಡಬ್ಬದ ಮೇಲಿನ ಅಳತೆ ಒಂದು, ಒಳಗಿನ ಪಿಸ್ಟನ್ ಇನ್ನೊಂದು ಆಗಿರಬಹುದು. ರೋಡ್‌ಕಿಂಗ್ ಬೋರ್ ಮೂಲದಲ್ಲಿ 65 ಮಿ.ಮೀ. ನನ್ನದು ಮೊದಲೇ ಒಮ್ಮೆ 65.25 ಆಗಿತ್ತು, ಈಗ 65.50. ಕ್ರ್ಯಾಂಕಿಗೂ ಅವರೇ ಹೊಸ ರಾಡ್ ಕಿಟ್ ಪ್ರೆಸ್ ಮಾಡಿ, ಎರಡು ಸೆಂಟರ್ ನಡುವೆ ಇಟ್ಟು, ಡಯಲ್ ಗೇಜಿನ ಮುಳ್ಳು ನೋಡುತ್ತಾ ತಾಮ್ರದ ಸುತ್ತಿಗೆಯಲ್ಲಿ ಚೂರು ಚೂರೇ ತಟ್ಟಿ ಸರಿಮಾಡಿದರು. ಇದು ಮನೆಯಲ್ಲಿ ಆಗುವ ಕೆಲಸ ಅಲ್ಲ. ಒಳ್ಳೆಯ ಕೈ ಹುಡುಕಿ ಕೊಡು, ಪಕ್ಕದಲ್ಲಿ ನಿಂತು ನೋಡು.

ಬೋರ್ ಆದ ಮೇಲೆ ಎರಡು ಕೆಲಸ ತಪ್ಪಿಸಬೇಡ. ಪೋರ್ಟಿನ ಅಂಚು ಬ್ಲೇಡಿನ ಹಾಗೆ ಚೂಪಾಗಿರುತ್ತದೆ, ಅದನ್ನು ಸಣ್ಣ ಕಲ್ಲಿನಿಂದ ಮೊಂಡು ಮಾಡಬೇಕು, ಇಲ್ಲದಿದ್ದರೆ ರಿಂಗ್ ಸಿಕ್ಕಿ ಮುರಿಯುತ್ತದೆ. ಇನ್ನೊಂದು, ಬ್ಲಾಕನ್ನು ಪೆಟ್ರೋಲಿನಲ್ಲಿ ತೊಳೆದರೆ ಸಾಲದು. ಬಿಸಿನೀರು, ಸೋಪು, ಬ್ರಷ್. ಆಮೇಲೆ ಆಯಿಲ್ ಹಚ್ಚಿದ ಬಿಳಿ ಬಟ್ಟೆಯಲ್ಲಿ ಒರೆಸು. ಬಟ್ಟೆ ಬೂದು ಬಣ್ಣಕ್ಕೆ ತಿರುಗುವುದು ನಿಲ್ಲುವವರೆಗೂ ಮತ್ತೆ ಮತ್ತೆ ತೊಳಿ.

ಬೇರಿಂಗ್ ಕೂರಿಸಿದ್ದು ಅಡುಗೆಮನೆಯಲ್ಲಿ. ಬಿಸಿಗೆ ಅಲ್ಯೂಮಿನಿಯಂ ಹಿಗ್ಗುವುದು ಉಕ್ಕಿನ ಸುಮಾರು ಎರಡರಷ್ಟು. ಕೇಸ್ ಬಿಸಿ ಮಾಡಿ, ಬೇರಿಂಗ್ ತಣ್ಣಗೆ ಮಾಡಿದರೆ ಸುತ್ತಿಗೆಯೇ ಬೇಡ. ಬೇರಿಂಗನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ರಾತ್ರಿ ಫ್ರೀಜರಿನಲ್ಲಿ ಇಟ್ಟೆ. ಅವ್ವ ಒಂದು ಹಳೇ ರೊಟ್ಟಿ ಹಂಚು ಕೊಟ್ಟಳು. ಅದರ ಮೇಲೆ ಕೇಸ್ ಇಟ್ಟು ಸಣ್ಣ ಉರಿ. ನೀರಿನ ಹನಿ ಚುಂಯ್ ಅಂದ ಮೇಲೆ ಇನ್ನೂ ಸ್ವಲ್ಪ ಹೊತ್ತು. ಬೇರಿಂಗ್ ಕೈಬಿಟ್ಟ ಕೂಡಲೇ ಟಪ್ ಅಂತ ತಳಕ್ಕೆ ಹೋಗಿ ಕೂತಿತು. ಒಂದು ಎಚ್ಚರಿಕೆ: ಪೆಟ್ರೋಲಿನಲ್ಲಿ ತೊಳೆದ ಕೇಸನ್ನು ಹಾಗೇ ಒಲೆ ಮೇಲೆ ಇಡಬೇಡ. ಸೋಪು ನೀರಲ್ಲಿ ತೊಳೆದು, ಬಿಸಿಲಿಗೆ ಒಣಗಿಸಿ, ಮೂಸಿ ನೋಡಿ ಆಮೇಲೆ.

ಉಳಿದ ಜೋಡಣೆ ನಿನಗೆ ಗೊತ್ತಿರುವುದೇ. ಬಾಣದ ಗುರುತು ಸೈಲೆನ್ಸರ್ ಕಡೆ, ಪಿನ್ನಿನ ಲಾಕು ಯಾವಾಗಲೂ ಹೊಸದು, ರಿಂಗಿನ ಬಾಯಿ ಪಿಸ್ಟನ್ನಿನ ಮೊಳೆಗೆ ಸರಿಯಾಗಿ ಕೂರಬೇಕು. ಸೀಲು ಮಾತ್ರ ವೈಟಾನ್ ರಬ್ಬರಿನದೇ ಹಾಕು, ಸ್ವಲ್ಪ ದುಬಾರಿ ಆದರೂ ಸರಿ. ಎಲ್ಲ ಮುಗಿದ ಮೇಲೆ ಮತ್ತೆ ಅದೇ ಬಿಪಿ ಯಂತ್ರ ಹಾಕಿದೆ. ಮುಳ್ಳು ನಿಂತಿತು.

ವೈಟಾನ್ ಯಾಕೆ ಅಂದರೆ ಪೆಟ್ರೋಲು. ಈಗ ಬಂಕಿನಲ್ಲಿ ಬರುವುದು ನೂರಕ್ಕೆ 20 ಭಾಗ ಎಥನಾಲ್ ಬೆರೆತದ್ದು. ಹಳೇ ರಬ್ಬರಿಗೆ ಅದು ಆಗಿಬರುವುದಿಲ್ಲ. ಇನ್ನೊಂದು ವಿಷಯ, ಒಂದು ತೂಕ ಪೆಟ್ರೋಲು ಪೂರ್ತಿ ಉರಿಯಲು 14.7 ತೂಕ ಗಾಳಿ ಬೇಕು, ಎಥನಾಲಿಗೆ 9 ಸಾಕು. ಹಳೇ ಜೆಟ್ಟಿನಲ್ಲಿ (ಕಾರ್ಬೊರೇಟರಿನಲ್ಲಿ ಪೆಟ್ರೋಲು ಬಿಡುವ ಸಣ್ಣ ತೂತು) ಹೊಸ ಪೆಟ್ರೋಲು ಹಾಕಿದರೆ ಮಿಶ್ರಣ ಮೊದಲೇ ಬಡವಾಗಿರುತ್ತದೆ. ಅದರ ಮೇಲೆ ಸೀಲೂ ಗಾಳಿ ಬಿಟ್ಟರೆ ಕೇಳಬೇಕಾ? ನಾನು ಮೇನ್ ಜೆಟ್ ಒಂದು ಸೈಜ್ ದೊಡ್ಡದು ಹಾಕಿದ್ದೇನೆ. ಈಗ ಪ್ಲಗ್ ಬಣ್ಣ ಚಹಾಪುಡಿಯ ಕಂದು. ಆಯಿಲ್ ಲೀಟರಿಗೆ 40 ಎಂಎಲ್, ಅಳತೆ ಮಾಡಿಯೇ.

ರನ್ನಿಂಗ್ ಇನ್, ಅಂದರೆ ಹೊಸ ಪಿಸ್ಟನ್ ಹೊಂದಿಕೊಳ್ಳುವವರೆಗೆ ನಿಧಾನ ಓಡಿಸುವುದು, ಮಾಡಿದ್ದು ಬೆಳಗಿನ ತಂಪಿನಲ್ಲಿ, ಕನಕಗಿರಿ ಕಡೆ, ಆನೆಗೊಂದಿ ಕಡೆ, ಒಮ್ಮೆ ಇಟಗಿಯ ಮಹಾದೇವ ಗುಡಿಯವರೆಗೆ. ಮೊದಲ ಸಲ ಬಿಸಿಯಾಗಿ ಪೂರ್ತಿ ತಣ್ಣಗಾದ ಮೇಲೆ ಹೆಡ್ ನಟ್ಟುಗಳನ್ನು ಅಡ್ಡಡ್ಡ ಮತ್ತೆ ಬಿಗಿ ಮಾಡಿದೆ. ಸದ್ದು ಎಷ್ಟು ಚೆನ್ನಾಗಿದೆ ಅಂದರೆ, ಗದ್ದೆ ಮಧ್ಯದ ಖಾಲಿ ರಸ್ತೆಯಲ್ಲಿ ಅದನ್ನು ಕೇಳಲೆಂದೇ ನಿಧಾನ ಹೋಗುತ್ತೇನೆ.

ನೀನು ಬರುವ ದಾರಿಯಲ್ಲಿ ಚಿತ್ರದುರ್ಗ ದಾಟಿದ ಮೇಲೆ ಹೊಸಪೇಟೆವರೆಗೂ ರಸ್ತೆ ಅಗಲ. ಒಂದೇ ಎಕ್ಸಲೇಟರಿನಲ್ಲಿ ಗಂಟೆಗಟ್ಟಲೆ ಓಡಿಸಬೇಡ, ಆಗಾಗ ಏರಿಳಿಸು. ಇಳಿಜಾರಿನಲ್ಲಿ ಎಕ್ಸಲೇಟರ್ ಪೂರ್ತಿ ಮುಚ್ಚಿದರೆ ಪೆಟ್ರೋಲಿನ ಜೊತೆ ಆಯಿಲ್ಲೂ ನಿಲ್ಲುತ್ತದೆ. ಕ್ಲಚ್ ಹಿಡಿ, ಇಲ್ಲವೇ ಆಗಾಗ ಸ್ವಲ್ಪ ತಿರುವು.

ಆದರೆ ಅದಕ್ಕೂ ಮೊದಲು ಪರೀಕ್ಷೆ. ಬಿಪಿ ಯಂತ್ರ, ರಬ್ಬರ್ ಬುಚ್ಚು, ತಗಡು ಎಲ್ಲ ಒಂದು ಡಬ್ಬಕ್ಕೆ ಹಾಕಿ ಈ ವಾರ ಬಸ್ಸಿಗೆ ಕೊಡುತ್ತೇನೆ. ಭಾನುವಾರ ಬಲಗಡೆ ಕವರ್ ತೆಗೆದು ನೊರೆ ಹಚ್ಚು, ವಿಡಿಯೋ ಮಾಡಿ ಕಳಿಸು. ಗುಳ್ಳೆ ಬಂದರೆ ಗಾಡಿಯನ್ನು ಅಲ್ಲೇ ನಿಲ್ಲಿಸು, ನಾನೇ ರಜೆ ಹಾಕಿ ಮೈಸೂರಿಗೆ ಬರುತ್ತೇನೆ, ಇಬ್ಬರೂ ಕೂತು ಬಿಚ್ಚೋಣ. ಅಮ್ಮನಿಗೆ ನನ್ನ ನಮಸ್ಕಾರ ಹೇಳು, ಅವರ ಅಡುಗೆಮನೆ ಒಂದು ದಿನಕ್ಕೆ ಬೇಕಾಗಬಹುದು ಅಂತಲೂ ಹೇಳಿಡು.

ನಿನ್ನ ದೋಸ್ತ,
ಗಂಗಾವತಿ