ಅಳತೆಯ ವಾರ ಮುಗಿಯಿತು: ಉತ್ತರ ಹೇಳಿಕೊಡದವರಿಗೆ ನಮಸ್ಕಾರ

ನಮ್ಮ ಮೂರನೇ ತರಗತಿಯ ಅಳತೆಯ ವಾರ ಶನಿವಾರ ಮುಗಿಯಿತು. ಗೋಡೆಯ ತುಂಬ ಚಾರ್ಟು, ನೆಲದ ತುಂಬ ದಾರದ ತುಂಡು, ನನ್ನ ಗಂಟಲಿನಲ್ಲಿ ಮಾತ್ರ ದನಿಯಿಲ್ಲ. ಹಾಗಾಗಿ ಬರೆದೇ ಕೃತಜ್ಞತೆ ಹೇಳುತ್ತಿದ್ದೇನೆ.

ಮೊದಲ ವಂದನೆ ಪೋಷಕರಿಗೆ, ಅದೂ ಸ್ವಲ್ಪ ವಿಚಿತ್ರವಾದ ಕಾರಣಕ್ಕೆ. ವಾರದ ಆರಂಭದಲ್ಲಿ ಮಕ್ಕಳ ಡೈರಿಯಲ್ಲಿ ಒಂದು ಕೋರಿಕೆ ಬರೆದು ಕಳುಹಿಸಿದ್ದೆ: ‘ಮಕ್ಕಳು ಕೇಳಿದ ಸಾಮಾನು ಕೊಡಿ, ಜೊತೆಗೆ ಕುಳಿತುಕೊಳ್ಳಿ, ಉತ್ತರ ಮಾತ್ರ ಹೇಳಬೇಡಿ.’ ಇದು ಎಂಥ ಕಷ್ಟದ ಕೆಲಸ ಎಂಬುದು ಪಾಠ ಮಾಡುವವರಿಗೆ ಚೆನ್ನಾಗಿ ಗೊತ್ತು. ಉತ್ತರ ನಾಲಗೆಯ ತುದಿಗೆ ಬಂದು ನಿಂತಿರುವಾಗ ಸುಮ್ಮನಿರಲು ದೊಡ್ಡ ಸಂಯಮ ಬೇಕು. ನೀವು ಸುಮ್ಮನಿದ್ದಿರಿ. ಅದರಿಂದ ಏನಾಯಿತು ಎಂಬುದನ್ನು ನೀವು ತಿಳಿಯಲೇಬೇಕು.

ಸೋಮವಾರ ನನ್ನ ಮೇಜಿನ ಉದ್ದವನ್ನು ಗೇಣಿನಲ್ಲಿ ಅಳೆಯಲು ಹೇಳಿದೆ. ಒಬ್ಬಳಿಗೆ ಒಂಬತ್ತು ಗೇಣು ಬಂತು, ಪಕ್ಕದವನಿಗೆ ಹತ್ತು ದಾಟಿತು, ನನ್ನ ಗೇಣಿಗೆ ಆರೇ. ‘ಟೀಚರ್ ಹೇಳಿದ್ದೇ ಸರಿ’ ಎಂದು ಅರ್ಧ ತರಗತಿ ತೀರ್ಪು ಕೊಟ್ಟಿತು. ಉಳಿದರ್ಧಕ್ಕೆ ಅದು ಒಪ್ಪಿಗೆಯಾಗಲಿಲ್ಲ. ನನಗೆ ಸಂತೋಷವಾದದ್ದು ಈ ಉಳಿದರ್ಧವನ್ನು ಕಂಡು. ಮಾರನೆಯ ಬೆಳಿಗ್ಗೆ ಒಬ್ಬ ಹುಡುಗಿ ಮನೆಯಿಂದ ಒಂದು ಕಡ್ಡಿ ಹಿಡಿದು ಬಂದಳು. ‘ಎಲ್ಲರೂ ಇದರಲ್ಲೇ ಅಳೆಯೋಣ ಟೀಚರ್, ಆಗ ಜಗಳವಿರುವುದಿಲ್ಲ’ ಎಂದಳು. ಜಗತ್ತಿನ ದೊಡ್ಡವರು ಈ ಮಾತಿಗೆ ಬರಲು ಎಷ್ಟು ಶತಮಾನ ತೆಗೆದುಕೊಂಡರು! 1790ರ ದಶಕದಲ್ಲಿ ಫ್ರಾನ್ಸಿನವರು ಉತ್ತರ ಧ್ರುವದಿಂದ ಸಮಭಾಜಕ ವೃತ್ತದವರೆಗಿನ ದೂರದ ಕೋಟಿಯಲ್ಲೊಂದು ಭಾಗವನ್ನು ಮೀಟರ್ ಎಂದು ಕರೆದರು, 1799ರಲ್ಲಿ ಅದಕ್ಕೊಂದು ಪ್ಲಾಟಿನಂ ಪಟ್ಟಿಯನ್ನೂ ಮಾಡಿಟ್ಟರು. ಆ ಹುಡುಗಿಯ ಕಡ್ಡಿಯೂ ಅದೇ ಜಾತಿಯದು. 1983ರಿಂದ ಪಟ್ಟಿಯೂ ಇಲ್ಲ, ಕಡ್ಡಿಯೂ ಇಲ್ಲ. ನಿರ್ವಾತದಲ್ಲಿ ಬೆಳಕು ಒಂದು ಸೆಕೆಂಡಿನ 29,97,92,458ನೇ ಒಂದು ಭಾಗದಲ್ಲಿ ಸಾಗುವ ದೂರವೇ ಮೀಟರ್. ಇದನ್ನು ಹೇಳಿದಾಗ ಕೊನೆಯ ಬೆಂಚಿನಿಂದ ಪ್ರಶ್ನೆ ಬಂತು: ‘ಬೆಳಕಿನ ಹಿಂದೆ ಓಡಿದವರು ಯಾರು ಟೀಚರ್?’

ದರ್ಜಿ ಕೆಲಸ ಮಾಡುವ ತಂದೆಯೊಬ್ಬರು ಅರ್ಧ ದಿನದ ಕೆಲಸ ಬಿಟ್ಟು ಬಂದು ಟೇಪು ಹಿಡಿಯುವ ಬಗೆ ತೋರಿಸಿದರು. ಅವರಿಗೆ ವಿಶೇಷ ವಂದನೆ. ಟೇಪಿನ ಒಂದು ಬದಿಯಲ್ಲಿ ಇಂಚು, ಇನ್ನೊಂದು ಬದಿಯಲ್ಲಿ ಸೆಂಟಿಮೀಟರ್ ಇರುತ್ತದಲ್ಲ, ಮಕ್ಕಳು ಎರಡನ್ನೂ ಬೆರೆಸಿದರು. ಒಬ್ಬನ ಎದೆಯ ಸುತ್ತಳತೆ ಇಪ್ಪತ್ತನಾಲ್ಕು, ಅವನ ಗೆಳೆಯನದು ಅರವತ್ತೊಂದು! ಅವರು ನಗದೆ, ಗದರದೆ, ‘ಯಾವ ಬದಿ ನೋಡಿದಿರಿ?’ ಎಂದಷ್ಟೇ ಕೇಳಿದರು. ಆ ಸಂದರ್ಭ ಬಿಟ್ಟರೆ ಮತ್ತೆ ಸಿಗದೆಂದು ನಾನು ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆಯ ಕಥೆ ಹೇಳಿದೆ. ಒಂದು ತಂಡ ಪೌಂಡಿನ ಲೆಕ್ಕದಲ್ಲಿ, ಇನ್ನೊಂದು ತಂಡ ಮೆಟ್ರಿಕ್ ಲೆಕ್ಕದಲ್ಲಿ ಇದ್ದುದರಿಂದ 1999ರಲ್ಲಿ ಆ ನೌಕೆ ಮಂಗಳ ಗ್ರಹದ ಬಳಿ ಕಳೆದುಹೋಯಿತು. ಈಗ ಸಂಖ್ಯೆಯ ಮುಂದೆ ‘ಸೆಂ.ಮೀ.’ ಬರೆಯದವರನ್ನು ಹಿಡಿಯುವ ಕೆಲಸ ನನ್ನದಲ್ಲ, ಮಕ್ಕಳೇ ವಹಿಸಿಕೊಂಡಿದ್ದಾರೆ. ಸ್ವಲ್ಪ ಅತಿಯಾಗಿಯೇ.

ಆದರೆ ನನ್ನ ಮನಸ್ಸಿನಲ್ಲಿ ಉಳಿಯುವುದು ಮುಚ್ಚಳಗಳ ದಿನ. ನೀವು ಕಳುಹಿಸಿದ ಡಬ್ಬಿ ಮುಚ್ಚಳಗಳ ಅಂಚಿಗೆ ದಾರ ಸುತ್ತಿ, ಸರಿಯಾಗಿ ಕತ್ತರಿಸಿ, ಆ ದಾರವನ್ನು ಮುಚ್ಚಳದ ನಡುವೆ ಅಡ್ಡಲಾಗಿ ಹಾಸಿ ನೋಡುವುದು, ಅಷ್ಟೇ ಚಟುವಟಿಕೆ. ಚಿಕ್ಕ ಮುಚ್ಚಳವಾದರೂ ದೊಡ್ಡದಾದರೂ ದಾರ ಮೂರು ಸಲ ಹಿಡಿಯುತ್ತದೆ, ಆಮೇಲೂ ಒಂದು ಚೂರು ಮಿಗುತ್ತದೆ. ಒಬ್ಬ ಹುಡುಗನಿಗೆ ಈ ಚೂರಿನ ಮೇಲೆ ಬಲವಾದ ಅನುಮಾನ. ದಾರ ಸಡಿಲವಾಗಿತ್ತೇನೋ ಎಂದು ಬಿಗಿಯಾಗಿ ಸುತ್ತಿದ, ದಾರ ಬದಲಿಸಿದ, ಕೊನೆಗೆ ಕಸದ ಬುಟ್ಟಿಯ ಮುಚ್ಚಳವನ್ನೇ ಎಳೆದು ತಂದ. ಅಲ್ಲಿಯೂ ಮಿಕ್ಕಿತು. ಮನೆಗೆ ಹೋಗಿ ತಾಯಿಯನ್ನು ಕೇಳಿದನಂತೆ. ಆಕೆ ಎಂಜಿನಿಯರ್, ವೃತ್ತದ ಸುತ್ತಳತೆ ಅದರ ಅಗಲದ ಎಷ್ಟು ಪಟ್ಟು ಎಂಬುದಕ್ಕಿರುವ ‘ಪೈ’ ಎಂಬ ಹೆಸರು ಗೊತ್ತಿಲ್ಲದಿರಲು ಸಾಧ್ಯವೇ? ಆದರೂ ಅವರು ಹೇಳಿದ್ದು ‘ಇನ್ನೊಂದು ಮುಚ್ಚಳ ಕೊಡಲೇ?’ ಎಂದು ಮಾತ್ರ. ಮರುದಿನ ಅವನು ಆ ಚೂರುಗಳನ್ನೆಲ್ಲ ಕಾಗದಕ್ಕೆ ಅಂಟಿಸಿ ತಂದಿದ್ದ. ಪ್ರತಿಯೊಂದರ ಕೆಳಗೆ ಬರೆದಿತ್ತು: ‘ಇಂಥ ಏಳು ಚೂರು ಸೇರಿದರೆ ಹತ್ತಿರ ಹತ್ತಿರ ಒಂದು ಮುಚ್ಚಳದ ಅಗಲ.’ ಇದನ್ನು ನಾನು ಕಲಿಸಿರಲಿಲ್ಲ. ತಾಯಿಯೇ, ನಿಮಗೆ ಕೈಮುಗಿಯುತ್ತೇನೆ.

ವೇಳಾಪಟ್ಟಿಯನ್ನು ಹಿಂದೆ ಮುಂದೆ ಮಾಡಿಕೊಟ್ಟ ಮುಖ್ಯೋಪಾಧ್ಯಾಯರಿಗೆ, ನಮ್ಮ ಗದ್ದಲದ ನಡುವೆಯೂ ಪದ್ಯ ಕಲಿಸಿದ ಪಕ್ಕದ ತರಗತಿಯ ಶಿಕ್ಷಕಿಗೆ ಕೃತಜ್ಞತೆಗಳು. ಅಂಗಳದಲ್ಲಿ ನೆರಳಿನ ಉದ್ದ ಗುರುತಿಸಿದ ಸೀಮೆಸುಣ್ಣದ ಗೆರೆಗಳನ್ನು ಸಂಜೆಯವರೆಗೆ ಅಳಿಸದೆ, ಸುತ್ತಲೂ ಗುಡಿಸಿದ ನಮ್ಮ ಸಹಾಯಕಿ ಅಕ್ಕನಿಗೂ.

ಮುಚ್ಚಳಗಳನ್ನು ತೊಳೆದು ಕಪಾಟಿನ ಮೇಲೆ ಇಟ್ಟಿದ್ದೇನೆ. ಹೆಸರು ಬರೆಯದೆ ಕಳುಹಿಸಿದವರು ಮಕ್ಕಳನ್ನು ಬಿಡಲು ಬಂದಾಗ ಗುರುತಿಸಿ ತೆಗೆದುಕೊಳ್ಳಿ. ಕಸದ ಬುಟ್ಟಿಯ ಮುಚ್ಚಳ ಮಾತ್ರ ಶಾಲೆಯದು.